ಓಟಿನ ಕೈ, ಇಟ್ಟಂಗಿಯ ಕೈ

1876-78ರ ಬರದಲ್ಲಿ ಬಿಜಾಪುರ ಸೀಮೆ ಹೆಣಗಳ ನಾಡಾಯಿತು. ಹೊಟ್ಟೆಗಿಲ್ಲದ ನಮ್ಮಂದಿಯನ್ನು ಬ್ರಿಟಿಷ್ ಸರ್ಕಾರ ಬರಗಾಲದ ಕಾಮಗಾರಿಗೆ ಹಚ್ಚಿತು. ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳು ಸಾಕೆಂದು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಲೆಕ್ಕ ಹಾಕಿದ. ಗಂಡಸಿಗೆ ಆಧುನಿಕ ಸರ್ಕಾರ ಕಟ್ಟಿದ ಬೆಲೆ ಅದು. 1884ರಲ್ಲಿ ಹೊಟಗಿ–ಗದಗ ರೈಲು ಬಂತು. ಬರದ ನಾಡಿಗೆ ಕಾಳು ತರಬೇಕಾದ ಹಳಿಯ ಮೇಲೆಯೇ ನಾವು ಕೂಲಿ ಹುಡುಕಿ ಊರು ಬಿಟ್ಟೆವು.

ಆಗ ಬಿಜಾಪುರ ಮುಂಬಯಿ ಪ್ರಾಂತದಲ್ಲಿತ್ತು. ಅದೇ ಪ್ರಾಂತದಲ್ಲಿ ಬಾಬಾಸಾಹೇಬರು 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. ಗಿರಣಿಯ ಆಳು, ಹೊಲದ ಆಳು ಇಬ್ಬರೂ ಅಲ್ಲಿ ಒಂದೇ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಎಚ್ಚರಿಸಿದರು: ಓಟಿನಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಎಂಬ ಇಬ್ಬಂದಿತನ ಉಳಿದರೆ ಪ್ರಜಾಪ್ರಭುತ್ವವೇ ಉಳಿಯದು.

ಅದು ಉಳಿದೇ ಇದೆ. 2008ರಲ್ಲಿ ತಿಕೋಟಾ ಮತಕ್ಷೇತ್ರ ಹೋಗಿ ಬಬಲೇಶ್ವರ ಕ್ಷೇತ್ರ ಬಂತು. 2014ರಲ್ಲಿ ಬಿಜಾಪುರ ವಿಜಯಪುರವಾಯಿತು. ಆಮೇಲೆ ತಿಕೋಟಾ, ಬಬಲೇಶ್ವರ ಎರಡೂ ತಾಲೂಕಾದವು. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯೂ ಮೇಲೇರಿ ಬಂದಳು. ಒಳ್ಳೇದೇ ಆಯಿತು. ಆದರೆ ನೀರು ಹರಿಯೋದು ಹೊಲ ಇದ್ದವನ ಹೊಲಕ್ಕೆ. ದ್ರಾಕ್ಷಿ ತೋಟದಲ್ಲಿ ನಮಗೆ ಸಿಕ್ಕಿದ್ದು ದಿನಗೂಲಿ. ಚುನಾವಣೆ ಬಂದರೆ ಗೋವಾದಲ್ಲಿ ದುಡಿಯೋರನ್ನೂ ಕರೆತರಲು ಗಾಡಿ ಹೋಗುತ್ತದೆ. ಬಾವುಟ ಹಿಡಿಯಲು, ಜೈ ಅನ್ನಲು ನಾವು ಬೇಕು. ಟಿಕೆಟ್ ಹಂಚುವ ಕೋಣೆಯಲ್ಲಿ ನಮಗೆ ಕೂರಲು ಚಾಪೆಯೂ ಇಲ್ಲ.

ಬದುಕಿನ ಬೆಲೆಯನ್ನೂ ನೋಡಿ. 2023ರ ಡಿಸೆಂಬರಿನಲ್ಲಿ ವಿಜಯಪುರದ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದಡಿ ಹೂತು ಬಿಹಾರದ 7 ಕೂಲಿಗಳು ಸತ್ತರು. 2025ರ ಜನವರಿಯಲ್ಲಿ, ಸಂವಿಧಾನ ಜಾರಿಯಾಗಿ 75 ವರ್ಷ ತುಂಬಿದ ತಿಂಗಳಲ್ಲೇ, ಇದೇ ನಗರದ ಇಟ್ಟಂಗಿ ಭಟ್ಟಿಯೊಂದರಲ್ಲಿ ಮೂವರು ದಲಿತ ಕಾರ್ಮಿಕರನ್ನು ಪೈಪಿನಿಂದ ಬಡಿದರು. ಸಂಕ್ರಾಂತಿಗೆ ಊರಿಗೆ ಹೋದವರು ತಡಮಾಡಿ ಬಂದರು ಅನ್ನೋದೇ ತಪ್ಪು. ವಿಡಿಯೊ ಹರಡಿದ ಮೇಲೆ ಪೊಲೀಸರು ಹೊಡೆದವರನ್ನು ಹಿಡಿದರು. ಯಾರೂ ವಿಡಿಯೊ ಮಾಡದ ಭಟ್ಟಿಗಳ ಗತಿ ಏನು?

ಇನ್ನೊಂದು ಮಾತು ನಮ್ಮ ಗಂಡಸರಿಗೆ. ಹೊರಗೆ ತಲೆ ಬಾಗಿಸಿ, ಮನೆಯಲ್ಲಿ ಹೆಂಡತಿಯ ಮೇಲೆ ಕೈ ಎತ್ತುವುದು ಗಂಡಸುತನವಲ್ಲ. ದಣಿಯ ಪೈಪು ನಮ್ಮ ಕೈಗೆ ಬಂತು, ಅಷ್ಟೇ. ಅದೇ ಭಟ್ಟಿಯಲ್ಲಿ ಅವಳೂ ಇಟ್ಟಂಗಿ ಹೊರುತ್ತಾಳೆ. ಅವಳನ್ನು ಬಿಟ್ಟು ಕಟ್ಟಿದ ಸಂಘಟನೆ ಅರ್ಧ ಮೈಯ ಸಂಘಟನೆ.

ಹಳ್ಳಿಯ ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ಭಟ್ಟಿಗೆ ಹೊರಟವರ ಮುಂಗಡದ ಲೆಕ್ಕ ಬರೆದುಕೊಡಿ. ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕುವುದು 1976ರ ಜೀತಪದ್ಧತಿ ರದ್ದತಿ ಕಾಯ್ದೆಯಲ್ಲಿ ಅಪರಾಧ ಎಂದು ಓದಿ ಹೇಳಿ. ಓಟು ಹಾಕಿದ ಕೈ ಲೆಕ್ಕ ಕೇಳುವುದನ್ನೂ ಕಲಿಯಲಿ.