ಹೊಗೇನಕಲ್: ಹೆಸರಿನೊಳಗಿನ ಚರಿತ್ರೆ, ನೀರಿನೊಳಗಿನ ಔಷಧಿ

ನಮ್ಮ ಹೊಸೂರು ಸೀಮೆಯ ಮಕ್ಕಳಿಗೆ ಹೊಗೇನಕಲ್ ಎಂದರೆ ಜಲಪಾತ, ಹರಿಗೋಲು ಮತ್ತು ಹುರಿದ ಮೀನು. ಚರಿತ್ರೆ ಎಂದರೆ ಹಂಪಿ, ಶ್ರೀರಂಗಪಟ್ಟಣ, ತಂಜಾವೂರು. ಜಲಪಾತಕ್ಕೂ ಚರಿತ್ರೆ ಇರುತ್ತದೆ ಎಂದು ಪಾಠಪುಸ್ತಕಗಳು ಹೇಳುವುದು ಕಡಿಮೆ. ಆದ್ದರಿಂದ ನಾವು ಶಿಕ್ಷಕರೇ ಅದನ್ನು ಹೇಳಬೇಕಾಗಿದೆ.

ಮೊದಲು ಜಾಗವನ್ನು ಗುರುತಿಸೋಣ. ಕಾವೇರಿ ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತಾಳೆ. ಸಂಗಮದಲ್ಲಿ ಅರ್ಕಾವತಿಯನ್ನು ಕೂಡಿಕೊಂಡು, ಮೇಕೆದಾಟುವಿನ ಕಿರಿದಾದ ಕಮರಿಯಲ್ಲಿ ನುಗ್ಗುತ್ತಾಳೆ. ಅಲ್ಲಿಂದ ಕಾಡುಬೆಟ್ಟಗಳ ನಡುವೆ ಹರಿದು ಹೊಗೇನಕಲ್ಲಿನಲ್ಲಿ ಹಲವು ಕವಲುಗಳಾಗಿ ಒಡೆದು ಬಂಡೆಗಳ ಮೇಲಿಂದ ಬೀಳುತ್ತಾಳೆ. ಚಿನ್ನಾರ್ ಹೊಳೆ ಸೇರುವುದೂ ಇಲ್ಲಿಯೇ. ಎಡದಡ ತಮಿಳುನಾಡಿನ ಧರ್ಮಪುರಿ ಜಿಲ್ಲೆ, ಬಲದಡ ಕರ್ನಾಟಕದ ಚಾಮರಾಜನಗರ ಜಿಲ್ಲೆ. ಇಲ್ಲಿ ಕಾರ್ಬೊನಟೈಟ್ ಎಂಬ ಅಪರೂಪದ ಶಿಲೆಯೂ ಇದೆ. ಸಾಮಾನ್ಯವಾಗಿ ಶಿಲಾರಸದಲ್ಲಿ ಮರಳಿನ ಅಂಶವಾದ ಸಿಲಿಕ ಹೆಚ್ಚಿರುತ್ತದೆ. ಇದರಲ್ಲಿ ಸುಣ್ಣದಂಥ ಕಾರ್ಬೊನೇಟ್ ಹೆಚ್ಚು. ಭೂವಿಜ್ಞಾನಿಗಳು ಇದರ ವಯಸ್ಸು ಸುಮಾರು 240 ಕೋಟಿ ವರ್ಷ ಎಂದು ಲೆಕ್ಕ ಹಾಕಿದ್ದಾರೆ.

ಇನ್ನು ಹೆಸರಿನ ವಿಚಾರ. ನೀರು ಬಂಡೆಗೆ ಅಪ್ಪಳಿಸಿ ಏಳುವ ತುಂತುರು ಹೊಗೆಯಂತೆ ಕಾಣುವುದರಿಂದ ಇದು ಹೊಗೆಯ ಕಲ್ಲು. ಹೊಗೆಗೆ ತಮಿಳಿನಲ್ಲಿ ಪುಗೈ, ತೆಲುಗಿನಲ್ಲಿ ಪೊಗ, ಹಳಗನ್ನಡದಲ್ಲಿ ಪೊಗೆ. ನಮ್ಮ ಹೊಸೂರಿನ ಮಕ್ಕಳ ಕಿವಿಗೆ ಈ ಮೂರೂ ಭಾಷೆ ಬೀಳುವುದರಿಂದ ಇದನ್ನು ಬೇಗ ಹಿಡಿಯುತ್ತಾರೆ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೊಗೆ ಹೊಗೆಯಾಯಿತು. ಪಕಾರ ಹಕಾರವಾದ ಈ ಬದಲಾವಣೆ ಕನ್ನಡದಲ್ಲಿ ಸುಮಾರು 10ನೇ ಶತಮಾನದಿಂದೀಚೆಗೆ ನಿಧಾನವಾಗಿ ಹರಡಿತು. ಅಂದರೆ ಈ ಹೆಸರನ್ನು ಒಮ್ಮೆ ಇಟ್ಟು ಹೋದವರಷ್ಟೇ ಕನ್ನಡಿಗರಲ್ಲ. ಭಾಷೆ ಬದಲಾದಂತೆ ಹೆಸರನ್ನೂ ಬದಲಾಯಿಸಿಕೊಂಡು ಆಡುತ್ತಿದ್ದ ಕನ್ನಡದ ಬಾಯಿಗಳು ಈ ಕಾಡಿನ ಸುತ್ತ ಇದ್ದವು. ಒಂದು ಅಕ್ಷರ ಇಷ್ಟು ಸಾಕ್ಷಿ ಹೇಳುತ್ತದೆ.

ಶಾಸನಗಳೂ ಇದಕ್ಕೆ ಜೊತೆಯಾಗುತ್ತವೆ. ಇಂದಿನ ಧರ್ಮಪುರಿ ಹಿಂದಿನ ತಗಡೂರು. ಸಂಗಂ ಸಾಹಿತ್ಯದ ಅದಿಯಮಾನ್ ಆಳಿದ ಊರು. 9ನೇ ಶತಮಾನದಲ್ಲಿ ಅದು ನೊಳಂಬರ ಕೈಯಲ್ಲಿತ್ತು. ನೊಳಂಬ ಮಹೇಂದ್ರನ ಕಾಲದ ಕನ್ನಡ ಶಾಸನಗಳು ಅಲ್ಲಿ ಸಿಕ್ಕಿವೆ. ಅವುಗಳಲ್ಲಿ 893ರದು ಜೈನ ಬಸದಿಗೆ ಕೊಟ್ಟ ದಾನವನ್ನು ಹೇಳುತ್ತದೆ. ಒಂದೇ ಊರಿಗೆ ತಮಿಳಿನ ಕಾವ್ಯವೂ ಕನ್ನಡದ ಶಾಸನವೂ ಇರುವುದು ನಮ್ಮ ಸೀಮೆಯ ಗುಣ. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿಡಬೇಕಾಗಿಲ್ಲ.

ಗಡಿ ಬಂದದ್ದು ತೀರಾ ಇತ್ತೀಚೆಗೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನು ಬಾರಾಮಹಲನ್ನು ಕಂಪನಿಗೆ ಬಿಟ್ಟುಕೊಡಬೇಕಾಯಿತು. ಅಲೆಕ್ಸಾಂಡರ್ ರೀಡ್ ಅಲ್ಲಿ ಆಡಳಿತ ನಡೆಸಿದ. ಮುಂದೆ ಮದರಾಸಿನ ಗವರ್ನರ್ ಆದ ಥಾಮಸ್ ಮನ್ರೋ ಕಂದಾಯದ ಕೆಲಸ ಕಲಿತದ್ದು ಅವನ ಕೈಕೆಳಗೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಹೊಸೂರು, ಕೊಳ್ಳೇಗಾಲ ಎರಡೂ ಕಂಪನಿಗೆ ಸೇರಿದವು. ಹೀಗೆ ಹೊಗೇನಕಲ್ಲಿನ ಒಂದು ದಡ ಸೇಲಂ ಜಿಲ್ಲೆ, ಇನ್ನೊಂದು ದಡ ಕೊಯಮತ್ತೂರು ಜಿಲ್ಲೆ. ಎರಡೂ ಮದರಾಸು ಪ್ರಾಂತ್ಯವೇ. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯಕ್ಕೆ ಸೇರಿದಾಗ ನದಿಯ ನಡುವೆ ರಾಜ್ಯಗಳ ಗೆರೆ ಬಿತ್ತು. ಕೊಳ್ಳೇಗಾಲ ಆಚೆ ಹೋಯಿತು, ಹೊಸೂರು, ತಾಳವಾಡಿ ಈಚೆ ಉಳಿದವು. ಮಲೆ ಮಾದಪ್ಪನ ಒಕ್ಕಲು ಮಾತ್ರ ಎರಡೂ ಕಡೆ ಉಳಿಯಿತು. ಇಂದಿಗೂ ಬೆಟ್ಟಕ್ಕೆ ಈ ಕಡೆಯಿಂದ ಜನ ಹೋಗುತ್ತಾರೆ.

ಜಲಪಾತದ ಕೆಳಗೆ 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿಯಿತು. ಹಲವು ಹಳ್ಳಿಗಳು ಮುಳುಗಿದವು. ಜಲಾಶಯದ ನೀರು ತೀರಾ ಇಳಿದ ವರ್ಷಗಳಲ್ಲಿ ಪಣ್ಣವಾಡಿಯ ಜಲಕಂಠೇಶ್ವರ ಗುಡಿಯ ನಂದಿ ಮತ್ತೆ ತಲೆ ಎತ್ತುತ್ತಾನೆ.

ಈಗ ಔಷಧಿಯ ಮಾತು. ಹೊಗೇನಕಲ್ಲಿಗೆ ಬರುವವರು ಮೈಗೆ ಎಣ್ಣೆ ತಿಕ್ಕಿಸಿಕೊಂಡು ನೀರಿನ ಹೊಡೆತಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ನೀರು ಬೆಟ್ಟದ ಗಿಡಮೂಲಿಕೆಗಳ ಮೇಲೆ ಹರಿದು ಬರುವುದರಿಂದ ರೋಗ ವಾಸಿಯಾಗುತ್ತದೆ ಎಂದು ನಂಬಿಕೆ. ಮೈಕೈ ನೋವು ಹಗುರಾಗುವುದು ನಿಜ. ಎಣ್ಣೆಯ ನೀವುವಿಕೆಗೂ ನೀರಿನ ಹೊಡೆತಕ್ಕೂ ಆ ಗುಣವಿದೆ. ಅದಕ್ಕಿಂತ ಹೆಚ್ಚಿನದನ್ನು ಮಕ್ಕಳಿಗೆ ವಿಜ್ಞಾನವೆಂದು ನಾವು ಹೇಳಲಾಗದು.

ಆದರೆ ಈ ನೀರು ಬೇರೊಂದು ರೀತಿಯಲ್ಲಿ ನಿಜವಾಗಿಯೂ ಔಷಧಿಯಾಯಿತು. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಬಹಳ ಕಡೆ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಬಂಡೆಗಳಿಂದ ಅದು ನೀರಿಗೆ ಕರಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಇನ್ನೂ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ ಬಾಗುತ್ತದೆ, ಕೀಲು ಬಿಗಿಯುತ್ತದೆ. ಕಲೆ ಬಿದ್ದ ಹಲ್ಲನ್ನು ಕೈಯಿಂದ ಮುಚ್ಚಿಕೊಂಡು ನಗುವ ಮಕ್ಕಳು ನಮ್ಮ ಸೀಮೆಯ ಶಿಕ್ಷಕರಿಗೆ ಹೊಸಬರಲ್ಲ. ಇದನ್ನು ತಡೆಯಲು ಹೊಗೇನಕಲ್ಲಿನ ಕಾವೇರಿ ನೀರನ್ನು ಶುದ್ಧಗೊಳಿಸಿ ಎರಡೂ ಜಿಲ್ಲೆಗಳಿಗೆ ಕೊಡುವ ಯೋಜನೆ ಜಪಾನಿನ ಸಾಲದ ನೆರವಿನಿಂದ ನಡೆಯಿತು. 2008ರಲ್ಲಿ ಇದರ ಬಗ್ಗೆ ಎರಡೂ ರಾಜ್ಯಗಳಲ್ಲಿ ಪ್ರತಿಭಟನೆಗಳಾದವು. ಆಗ ಎರಡೂ ಕಡೆಯ ಮಾತು ಕೇಳಿಸಿಕೊಂಡು ನಡುವೆ ನಿಂತವರು ಗಡಿಯ ಕನ್ನಡಿಗರು. ನದಿ ಭಾಷೆಯ ಊರಿನದು, ಬಾಯಾರಿಕೆ ನಮ್ಮ ಮನೆಯದು. 2013ರಲ್ಲಿ ಯೋಜನೆ ಉದ್ಘಾಟನೆಯಾಯಿತು.

2006ರ ಕಾಯ್ದೆಯ ನಂತರ ನಮ್ಮ ಮಕ್ಕಳು ಒಂದನೇ ತರಗತಿಯಿಂದಲೇ ತಮಿಳನ್ನೂ ಕಲಿಯುತ್ತಾ ಬಂದಿದ್ದಾರೆ. ಕಲಿಯಲಿ, ಒಳ್ಳೆಯದೇ. ಆದರೆ ಕನ್ನಡ ಓದಲು ಬಾರದ ದಿನ ಹೊಗೇನಕಲ್ ಬರೀ ಒಂದು ಸದ್ದಾಗುತ್ತದೆ. ಅದರೊಳಗಿನ ಹೊಗೆಯೂ ಕಲ್ಲೂ ಕಾಣುವುದಿಲ್ಲ. ಆದ್ದರಿಂದ ಶಿಕ್ಷಕ ಮಿತ್ರರೇ, ಈ ಸಲ ಪ್ರವಾಸಕ್ಕೆ ಹೋದಾಗ ಎರಡು ಕೆಲಸ ಮಾಡಿಸೋಣ. ಪುಗೈ, ಪೊಗ, ಹೊಗೆ ಎಂಬ ಮೂರು ಮಾತನ್ನು ಮಕ್ಕಳಿಂದ ಬರೆಸೋಣ. ಹಿಂತಿರುಗಿದ ಮೇಲೆ ತಮ್ಮ ಊರಿನ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ಮನೆಯ ಹಿರಿಯರನ್ನು ಕೇಳಿ ಬರೆಯಲು ಹೇಳೋಣ. ಆ ಎರಡು ಪುಟಗಳೇ ನಮ್ಮ ಸೀಮೆಯ ಚರಿತ್ರೆಯ ಮೊದಲ ಪಾಠ.