ಕೈಗೆ ತಕ್ಕ ಕೋಲೋ, ಕೋಲಿಗೆ ತಕ್ಕ ಕೈಯೋ?

ಸ್ಕಾಟ್ಲೆಂಡಿನ ಸಂಸತ್ತು 1457ರಲ್ಲಿ ಗಾಲ್ಫ್ ಆಟವನ್ನು ನಿಷೇಧಿಸಿತು. ಗಂಡಸರೆಲ್ಲ ಬಿಲ್ವಿದ್ಯೆಯ ಅಭ್ಯಾಸ ಬಿಟ್ಟು ಬಯಲಿನಲ್ಲಿ ಚೆಂಡು ಹೊಡೆಯುತ್ತ ಕುಳಿತರೆ ಇಂಗ್ಲಿಷರ ಮೇಲೆ ಯುದ್ಧಕ್ಕೆ ಹೋಗುವವರು ಯಾರು ಎಂಬುದು ಆಳುವವರ ಚಿಂತೆ. ನಾಲ್ಕನೆಯ ಜೇಮ್ಸ್ ದೊರೆಯ ಕಾಲದಲ್ಲಿ, 1491ರಲ್ಲಿ, ಅದೇ ನಿಷೇಧ ಮತ್ತೊಮ್ಮೆ ಹೊರಟಿತು. ಹನ್ನೊಂದು ವರ್ಷ ಕಳೆದ ಮೇಲೆ ಅದೇ ದೊರೆಯ ಖಜಾನೆಯ ಲೆಕ್ಕದಲ್ಲಿ ಒಂದು ಖರ್ಚು ಬಿದ್ದಿದೆ: ಪರ್ತ್ ಊರಿನಲ್ಲಿ ಬಿಲ್ಲು ಮಾಡುವವನಿಂದ ಗಾಲ್ಫ್ ಕೋಲುಗಳನ್ನು ಕೊಂಡದ್ದಕ್ಕೆ 14 ಷಿಲಿಂಗ್!

ದೊರೆಯೇ ತನ್ನ ಆಜ್ಞೆ ಮುರಿದದ್ದು ತಮಾಷೆಯ ಸಂಗತಿ. ಆದರೆ ಕೋಲು ಮಾಡಿಕೊಟ್ಟವನು ಬಿಲ್ಲಿನ ಕಸುಬಿನವನು ಎಂಬುದು ಅದಕ್ಕಿಂತ ಮುಖ್ಯ. ಬಿಲ್ಲು ಎಲ್ಲರಿಗೂ ಒಂದೇ ಅಳತೆಯದಲ್ಲ. ಎಳೆಯುವವನ ತೋಳಿನ ಬಲ ನೋಡಿ ಮರ ಆರಿಸಬೇಕು, ಕೆತ್ತಬೇಕು. ಮರ ಎಷ್ಟು ಬಾಗುತ್ತದೆ, ಎಷ್ಟು ಬೇಗ ನೆಟ್ಟಗಾಗುತ್ತದೆ ಎಂದು ಬಲ್ಲ ಕೈಗೇ ಗಾಲ್ಫ್ ಕೋಲಿನ ಕೆಲಸವೂ ಬಂತು. 1603ರಲ್ಲಿ ಆರನೆಯ ಜೇಮ್ಸ್ ತನ್ನ ಆಸ್ಥಾನದ ಕೋಲು ತಯಾರಕನಾಗಿ ನೇಮಿಸಿಕೊಂಡ ವಿಲಿಯಂ ಮೇಯ್ನ್ ಕೂಡ ಬಿಲ್ಲುಗಾರನೇ.

ಗಾಲ್ಫ್ ಆಡದವರಿಗೆ ಒಂದು ಮಾತು. ಆಟಗಾರನ ಚೀಲದಲ್ಲಿ 14 ಕೋಲುಗಳವರೆಗೆ ಇರಬಹುದು. ಅವುಗಳಲ್ಲಿ ಅತಿ ಉದ್ದದ್ದು, ಅತಿ ದೊಡ್ಡ ತಲೆಯದ್ದು 'ಡ್ರೈವರ್'. ಪ್ರತಿ ಕುಳಿಯ ಆಟಕ್ಕೂ ಮೊದಲ ಹೊಡೆತ ಹೊಡೆಯುವ ಜಾಗ ಟೀ. ಅಲ್ಲಿಂದ ಚೆಂಡನ್ನು ದೂರ ಅಟ್ಟುವುದು ಈ ಕೋಲಿನ ಕೆಲಸ. ಕೋಲಿನ ತಲೆ ಚೆಂಡಿಗೆ ತಾಕಿಕೊಂಡಿರುವುದು ಒಂದು ಸೆಕೆಂಡಿನ ಎರಡು ಸಾವಿರದ ಒಂದು ಪಾಲಿನಷ್ಟು ಹೊತ್ತು ಮಾತ್ರ. ಮುಖ ಎತ್ತ ತಿರುಗಿತ್ತು, ಎಷ್ಟು ಓರೆಯಾಗಿತ್ತು, ಕಾವು ಹೇಗೆ ಬಾಗಿತ್ತು ಎಂಬುದೆಲ್ಲ ಆ ಗಳಿಗೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಹಾಗಾಗಿ ಡ್ರೈವರ್ ಆರಿಸುವುದೆಂದರೆ ತನ್ನ ಬೀಸನ್ನು ತಾನು ಅರಿಯುವುದು. ಆದರೆ ಐನೂರು ವರ್ಷಗಳ ಈ ಕಥೆಯಲ್ಲಿ ಕೋಲು ಕೈಗೆ ಒಗ್ಗಿದಷ್ಟೇ ಸಲ ಕೈ ಕೋಲಿಗೆ ಒಗ್ಗಿಕೊಂಡಿದೆ.

ಮೊದಲಿನ ಚೆಂಡು ತೊಗಲಿನದು, ಒಳಗೆ ಹಕ್ಕಿಯ ಗರಿ ತುರುಕಿದ್ದು. ಒಳ್ಳೆಯ ಕೈಕೆಲಸದವನೂ ದಿನಕ್ಕೆ ನಾಲ್ಕಾರು ಮಾತ್ರ ಹೊಲಿಯಬಲ್ಲವನಾಗಿದ್ದ. ಆ ಮೆತ್ತನೆಯ ಚೆಂಡಿಗೆ ತೆಳ್ಳಗಿನ, ಉದ್ದ ಮೂತಿಯ ಮರದ ತಲೆ ಸಾಕಾಗುತ್ತಿತ್ತು. 1848ರ ಸುಮಾರಿಗೆ ಗಟ್ಟಾಪರ್ಚಾ ಚೆಂಡು ಬಂತು. ಇದು ಮಲಯ ನಾಡಿನ ಒಂದು ಮರದ ಹಾಲು. ಬಿಸಿನೀರಿನಲ್ಲಿ ಮೆತ್ತಗಾಗಿ ಆರಿದಾಗ ಕಲ್ಲಿನಂತೆ ಗಟ್ಟಿಯಾಗುವಂಥದ್ದು. ಸೇಂಟ್ ಆಂಡ್ರೂಸ್‌ನ ಒಂದು ಮನೆಗೆ ಪೂರ್ವದೇಶದಿಂದ ವಿಷ್ಣುವಿನ ವಿಗ್ರಹವೊಂದು ಬಂತು, ಅದು ಒಡೆಯದಂತೆ ಪೆಟ್ಟಿಗೆಯಲ್ಲಿ ಈ ಅಂಟು ತುಂಬಿದ್ದರು, ಅದನ್ನೇ ಉಂಡೆ ಕಟ್ಟಿ ಚೆಂಡು ಮಾಡಿದರು ಎಂಬ ಕಥೆ ಗಾಲ್ಫ್ ಲೋಕದಲ್ಲಿ ಬಹಳ ಪ್ರಸಿದ್ಧ. ನಿಜವೋ, ಚೆಂದಕ್ಕೆ ಕಟ್ಟಿದ್ದೋ, ಕೇಳಲು ಸೊಗಸಾಗಿದೆ.

ಹೊಸ ಚೆಂಡು ಅಗ್ಗ, ಆದರೆ ಕಲ್ಲಿನಷ್ಟು ಗಟ್ಟಿ. ತೆಳ್ಳಗಿನ ತಲೆಗಳು ಸೀಳತೊಡಗಿದವು. ತಲೆ ಗಿಡ್ಡವಾಯಿತು, ದಪ್ಪವಾಯಿತು, ಮುಖಕ್ಕೆ ತೊಗಲಿನ ತುಂಡು ಕೂರಿಸಿದರು. ಕಾವಿಗೆ ಅಮೆರಿಕದ ಹಿಕರಿ ಮರ ಬಂತು. ತಲೆಗೆ ಮುಂದೆ ಪರ್ಸಿಮನ್ ಎಂಬ ಇನ್ನೊಂದು ಅಮೆರಿಕದ ಮರ ನೆಲೆ ನಿಂತಿತು. ನಮ್ಮ ಕರಿಮರ, ಬೀಡಿ ಎಲೆಯ ಮರಗಳ ಜಾತಿಗೇ ಸೇರಿದ ಗಟ್ಟಿ ಮರ ಅದು.

ಹಿಕರಿ ಬಾಗುವುದಷ್ಟೇ ಅಲ್ಲ, ತಿರುಚಿಕೊಳ್ಳುತ್ತದೆ. ಜೋರಾಗಿ ಬೀಸಿದರೆ ತಲೆ ಹಿಂದೆ ಉಳಿದು ಮುಖ ಎತ್ತಲೋ ತಿರುಗುತ್ತದೆ. ಆದ್ದರಿಂದ ಆ ಕಾಲದವರು ಕೋಲನ್ನು ಮೈಸುತ್ತ ಅಗಲವಾಗಿ, ತಾಳ್ಮೆಯಿಂದ ಬೀಸುತ್ತಿದ್ದರು. ಹಳೆಯ ಚಿತ್ರಗಳಲ್ಲಿ ಕಾಣುವ ಆ ಲಯ ಬರೀ ಸೊಬಗಿಗಾಗಿ ಬಂದದ್ದಲ್ಲ, ಮರ ಕಲಿಸಿದ ವಿನಯ ಅದು. ಒಂದು ಹಿಕರಿ ಇನ್ನೊಂದರಂತೆ ಇರುವುದಿಲ್ಲ. ಬಾಬಿ ಜೋನ್ಸ್ ಕೈಯಲ್ಲಿ ಹಿಡಿದು ತೂಗಿ, ಅಲುಗಿಸಿ, ಒಂದೊಂದಾಗಿ ಕೋಲು ಕೂಡಿಸಿಕೊಂಡವನು. ಅವನ ಡ್ರೈವರಿಗೆ 'ಜೀನಿ ಡೀನ್ಸ್' ಎಂದು ವಾಲ್ಟರ್ ಸ್ಕಾಟನ ಕಾದಂಬರಿಯ ನಾಯಕಿಯ ಹೆಸರಿತ್ತು. 1930ರಲ್ಲಿ ಒಂದೇ ವರ್ಷ ನಾಲ್ಕು ಮಹಾ ಪಂದ್ಯಗಳನ್ನು ಅವನು ಗೆದ್ದದ್ದು ಹಿಕರಿ ಕಾವಿನಿಂದಲೇ.

ಆ ಹೊತ್ತಿಗೆ ಉಕ್ಕು ಬಂದಾಗಿತ್ತು. ಅಮೆರಿಕದ ಸಂಸ್ಥೆ 1924ರಲ್ಲಿ, ಬ್ರಿಟನ್ನಿನ ಆರ್ ಅಂಡ್ ಎ 1929ರಲ್ಲಿ ಉಕ್ಕಿನ ಕಾವಿಗೆ ಒಪ್ಪಿಗೆ ಕೊಟ್ಟವು. ಉಕ್ಕು ತಿರುಚುವುದು ಕಡಿಮೆ. ಬಲವಿದ್ದಷ್ಟೂ ಬೀಸಬಹುದು. 1930ರ ದಶಕದಲ್ಲಿ ಬೈರನ್ ನೆಲ್ಸನ್ ಕಾಲಿನ ಬಲವನ್ನೆಲ್ಲ ಹಾಕಿ ನೇರವಾಗಿ ಬೀಸುವ ಹೊಸ ರೀತಿಯನ್ನು ರೂಢಿಸಿಕೊಂಡ. ಇಂದಿನ ಆಟಗಾರರೆಲ್ಲ ಒಂದು ಬಗೆಯಲ್ಲಿ ಅವನ ಶಿಷ್ಯರು. ಇನ್ನೊಂದು ಪರಿಣಾಮವೂ ಆಯಿತು. ಉಕ್ಕಿನ ಕೊಳವೆಗಳನ್ನು ಕಾರ್ಖಾನೆಯಲ್ಲಿ ಒಂದೇ ಅಚ್ಚಿನಲ್ಲಿ ಸಾವಿರಗಟ್ಟಲೆ ತೆಗೆಯಬಹುದು. ಅಂಗಡಿಯಲ್ಲಿ ತಯಾರು ಕೋಲುಗಳ ಸಾಲು ಬಂತು. ಕುಶಲಕರ್ಮಿ ಆಟಗಾರನನ್ನು ನೋಡುವುದು ಕಡಿಮೆಯಾಗಿ, ಆಟಗಾರ ಬೆಲೆ ಚೀಟಿಯನ್ನು ನೋಡತೊಡಗಿದ.

ಲೋಹದ ತಲೆಯ ಕಥೆ ಹೆಚ್ಚಿನವರಿಗೆ ಗೊತ್ತು. 1979ರಲ್ಲಿ ಗ್ಯಾರಿ ಆಡಮ್ಸ್ ಟೇಲರ್‌ಮೇಡ್ ಕಂಪೆನಿ ಆರಂಭಿಸಿ ಉಕ್ಕಿನ ತಲೆಯ ಡ್ರೈವರ್ ಮಾರಿದಾಗ ಜನ ಅದನ್ನು 'ಪಿಟ್ಸ್‌ಬರ್ಗ್ ಪರ್ಸಿಮನ್' ಎಂದು ಕರೆದರು. ಪಿಟ್ಸ್‌ಬರ್ಗ್ ಉಕ್ಕಿನ ಊರು. 1991ರಲ್ಲಿ ಕ್ಯಾಲವೇ ಕಂಪೆನಿ ಮೊದಲ ಮಹಾಯುದ್ಧದ ಜರ್ಮನ್ ಫಿರಂಗಿಯ ಹೆಸರಿಟ್ಟು 'ಬಿಗ್ ಬರ್ತಾ' ತಂದಿತು. ಅದರ 190 ಘನ ಸೆಂಟಿಮೀಟರಿನ ತಲೆ ಅಂದಿನ ಕಣ್ಣಿಗೆ ಕುಂಬಳಕಾಯಿಯಷ್ಟು ದೊಡ್ಡದಾಗಿ ಕಂಡಿತ್ತು. 1995ರಲ್ಲಿ ಟೈಟಾನಿಯಂ ಬಂದ ಮೇಲೆ ತಲೆ ಊದುತ್ತಲೇ ಹೋಗಿ, 2004ರಿಂದ 460 ಘನ ಸೆಂಟಿಮೀಟರ್ ಎಂದು ನಿಯಮ ಕಟ್ಟಬೇಕಾಯಿತು. ಈ ನಡುವೆ ಬರ್ನ್‌ಹಾರ್ಡ್ ಲ್ಯಾಂಗರ್ 1993ರ ಮಾಸ್ಟರ್ಸ್ ಪಂದ್ಯವನ್ನು ಪರ್ಸಿಮನ್ ಡ್ರೈವರಿನಿಂದಲೇ ಗೆದ್ದ. ಸುತ್ತಲಿನವರೆಲ್ಲ ಲೋಹಕ್ಕೆ ಹೋಗುತ್ತಿದ್ದರೂ ಕೈಗೆ ಒಗ್ಗಿದ್ದನ್ನು ಅವನು ಬಿಡಲಿಲ್ಲ. ಮರದ ಡ್ರೈವರ್ ಮಹಾ ಪಂದ್ಯವೊಂದನ್ನು ಗೆದ್ದದ್ದು ಅದೇ ಕೊನೆ.

ದೊಡ್ಡ ತಲೆಯ ಗುಣ ಕ್ಷಮೆ. ಚೆಂಡು ನಡುವಿಗೆ ಬೀಳದೆ ಅಂಚಿಗೆ ಬಿದ್ದರೂ ತಲೆ ಹೆಚ್ಚು ತಿರುಗುವುದಿಲ್ಲ. ಸಾಮಾನ್ಯ ಆಟಗಾರನಿಗೆ ಇದಕ್ಕಿಂತ ದೊಡ್ಡ ಉಪಕಾರ ಆಗಿಲ್ಲ. ಆದರೆ ಅಂಗಡಿಗೆ ಹೋದಾಗ ಅವನು ಕೇಳುವುದು ಕ್ಷಮೆಯನ್ನಲ್ಲ, ಪೌರುಷವನ್ನು! ಮುಖದ ಓರೆಗೆ ಲಾಫ್ಟ್ ಎನ್ನುತ್ತಾರೆ. ಅದು 9 ಡಿಗ್ರಿಯದಾದರೆ ಗಟ್ಟಿಗರದು, 12ರದಾದರೆ ಮುದುಕರದು ಎಂಬ ಭಾವನೆ ಎಲ್ಲೆಡೆ ಇದೆ. ಲೆಕ್ಕ ಹೇಳುವುದು ಬೇರೆ. ಪುರುಷ ವೃತ್ತಿಪರರ ಕೋಲಿನ ತಲೆ ಗಂಟೆಗೆ ಸುಮಾರು 180 ಕಿ.ಮೀ. ವೇಗದಲ್ಲಿ ಚೆಂಡಿಗೆ ಬಡಿಯುತ್ತದೆ. ಭಾನುವಾರ ಮಾತ್ರ ಆಡುವವರಲ್ಲಿ ಹೆಚ್ಚಿನವರದು 150ರ ಆಚೀಚೆ, ಅಥವಾ ಇನ್ನೂ ಕಡಿಮೆ. ನಿಧಾನದ ಚೆಂಡು ಗಾಳಿಯಲ್ಲಿ ನಿಲ್ಲಬೇಕಾದರೆ ಎತ್ತರಕ್ಕೆ ಏಳಬೇಕು. ಕಡಿಮೆ ಲಾಫ್ಟ್ ಕೊಂಡವನ ಚೆಂಡು ಏಳುವ ಮೊದಲೇ ನೆಲಕ್ಕೆ ಬರುತ್ತದೆ. ಹತ್ತೂವರೆ, ಹನ್ನೆರಡು ಡಿಗ್ರಿ ಅವನಿಗೆ ಹೆಚ್ಚು ದೂರ ಕೊಡುವ ಸಂಭವವೇ ಜಾಸ್ತಿ.

ಕಾವಿನ ಬಿಗುವೂ ಹಾಗೆಯೇ. ಇಂದಿನ ಡ್ರೈವರ್ ಕಾವು ಗ್ರಾಫೈಟಿನದು. ಅದರ ಮೇಲೆ ಆರ್, ಎಸ್, ಎಕ್ಸ್ ಎಂದು ಅಕ್ಷರಗಳಿರುತ್ತವೆ: ಸಾಧಾರಣ, ಬಿಗು, ಅತಿ ಬಿಗು. ಎಲ್ಲ ಕಂಪೆನಿಗಳಿಗೂ ಒಪ್ಪಿಗೆಯಾದ ಅಳತೆ ಇದಕ್ಕಿಲ್ಲ. ಒಬ್ಬರ 'ಆರ್' ಇನ್ನೊಬ್ಬರ 'ಎಸ್'ನಷ್ಟೇ ಬಿಗುವಿರಬಹುದು. ಅಮೆರಿಕದಿಂದ ಮಗನೋ ಅಳಿಯನೋ ಪ್ರೀತಿಯಿಂದ ತಂದುಕೊಟ್ಟ ದುಬಾರಿ ಡ್ರೈವರ್ ಇಲ್ಲಿ ಚೀಲದಲ್ಲೇ ಉಳಿಯುವುದಕ್ಕೆ ಕಾರಣ ಹಲವು ಸಲ ಈ ಒಂದಕ್ಷರ. ಬಿಗಿ ಕಾವು ನಿಧಾನದ ಬೀಸಿಗೆ ಮಣಿಯುವುದಿಲ್ಲ. ಬಲಗೈ ಆಟಗಾರನ ಚೆಂಡು ಬಲಕ್ಕೆ ಸರಿಯುವ ಚಾಳಿ ಇದ್ದರೆ ಅದು ಇನ್ನಷ್ಟು ಹೆಚ್ಚುತ್ತದೆ.

ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ, ಹಿಕರಿಯ ಕಾಲದಲ್ಲಿ. ಇದೇ ಊರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಪದಕದ ಆಸೆ ತಪ್ಪಿದ್ದು ಒಂದೇ ಹೊಡೆತದಿಂದ. ಅಲ್ಲಿ ಆಡಿದ ಆಟಗಾರ್ತಿಯರಲ್ಲಿ ಡ್ರೈವರಿನಿಂದ ಅತಿ ಕಡಿಮೆ ದೂರ ಹೊಡೆದವರ ಸಾಲಿನಲ್ಲಿ ಅವರೂ ಇದ್ದರು. ಉಳಿದವರು ಗಿಡ್ಡ ಕೋಲಿನಿಂದ ಹಸಿರು ಮುಟ್ಟುವಲ್ಲಿ ಅವರು ಉದ್ದದ ಕೋಲು ಹಿಡಿಯಬೇಕಿತ್ತು. ಆ ಕೊರತೆಯನ್ನು ಹಸಿರಿನ ಮೇಲಿನ ಚೆಂಡುಜಾಣ್ಮೆಯಿಂದ ತುಂಬಿಕೊಂಡರು. ದೂರಕ್ಕಾಗಿ ಬೀಸು ಕೆಡಿಸಿಕೊಳ್ಳುವ ಗೋಜಿಗೆ ಹೋಗದ ಆಟ ಅದು.

2004ರಲ್ಲಿ ತೂಕದ ತಿರುಪುಗಳನ್ನು ಅತ್ತಿತ್ತ ಬದಲಿಸುವ ಡ್ರೈವರ್ ಬಂತು. ಕೆಲವು ವರ್ಷಗಳಲ್ಲಿ ಲಾಫ್ಟನ್ನೂ ಕೀಲಿಯಿಂದ ತಿರುಗಿಸುವಂತಾಯಿತು. ಚೆಂಡಿನ ವೇಗ, ಏರುವ ಕೋನ, ಸುತ್ತು ಎಲ್ಲವನ್ನೂ ರೇಡಾರ್ ಅಳೆದು ಹೇಳುತ್ತದೆ. ಪರ್ತ್ ಊರಿನ ಬಿಲ್ಲುಗಾರ ಕಣ್ಣಂದಾಜಿನಲ್ಲಿ ನೋಡಿದ್ದನ್ನು ಈಗ ಯಂತ್ರ ನೋಡುತ್ತಿದೆ ಎನ್ನಬಹುದು. ಯಂತ್ರ ಸಿಗದವರಿಗೆ ಮುಖದ ಪೌಡರ್ ಸಾಕು. ಡ್ರೈವರಿನ ಮುಖಕ್ಕೆ ತೆಳ್ಳಗೆ ಬಳಿದು ಹತ್ತು ಚೆಂಡು ಹೊಡೆದು ನೋಡಿ, ಪ್ರತಿ ಸಲ ಗುರುತನ್ನು ನೋಡಿಕೊಂಡು ಒರೆಸಿ. ಗುರುತುಗಳು ಮುಖದ ತುಂಬ ಚೆಲ್ಲಾಪಿಲ್ಲಿಯಾಗಿದ್ದರೆ ಕೋಲು ಉದ್ದವಾಗಿರಬಹುದು. ಪರ್ಸಿಮನ್ ಡ್ರೈವರುಗಳು 43 ಇಂಚಿನ ಸುಮಾರಿಗಿದ್ದವು, ಈಗಿನ ಅಂಗಡಿ ಡ್ರೈವರುಗಳು 45 ದಾಟಿವೆ. ಹಿಡಿಯನ್ನು ಒಂದಿಂಚು ಕೆಳಗೆ ಹಿಡಿದು ಇನ್ನೂ ಹತ್ತು ಹೊಡೆದು, ಗುರುತುಗಳು ನಡುವಿಗೆ ಬಂದವೇ ಎಂದು ನೋಡಬಹುದು.