ಸಸ್ಕಾಚೆವಾನ್ ಪ್ರಾಂತದ ಸಾರ್ವತ್ರಿಕ ಆರೋಗ್ಯ ವಿಮೆ: ವೆಚ್ಚದ ಪ್ರಶ್ನೆಯ ಒಂದು ಐತಿಹಾಸಿಕ ವಿವೇಚನೆ

1. ಪೀಠಿಕೆ

ರೋಗಕ್ಕೆ ಚಿಕಿತ್ಸೆ ಮಾಡುವುದು ವೈದ್ಯಶಾಸ್ತ್ರದ ವಿಷಯ. ಆ ಚಿಕಿತ್ಸೆಯ ವೆಚ್ಚವನ್ನು ಯಾರು, ಯಾವ ಪ್ರಮಾಣದಲ್ಲಿ ಹೊರಬೇಕೆಂಬುದು ರಾಜ್ಯನೀತಿಯ ವಿಷಯ. ಈ ಎರಡನೆಯ ಪ್ರಶ್ನೆಯನ್ನು ಆಧುನಿಕ ಸರಕಾರಗಳು ಎದುರಿಸತೊಡಗಿ ಇನ್ನೂ ಒಂದೂವರೆ ಶತಮಾನ ಪೂರ್ತಿಯಾಗಿಲ್ಲ. 1883ರಲ್ಲಿ ಬಿಸ್ಮಾರ್ಕನ ಜರ್ಮನಿಯು ಕಾರ್ಮಿಕರಿಗೆ ಕಡ್ಡಾಯವಾದ ರೋಗವಿಮೆಯನ್ನು ವಿಧಿಸಿತು. 1948ರಲ್ಲಿ ಬ್ರಿಟನ್ನು ತನ್ನ ಸಮಸ್ತ ಪ್ರಜೆಗಳಿಗೂ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಒದಗಿಸಿತು. ಈ ಎರಡು ಸಂದರ್ಭಗಳಲ್ಲಿಯೂ ಕಾರ್ಯಕ್ಕೆ ಕೈಹಾಕಿದುದು ರಾಷ್ಟ್ರದ ಸರಕಾರ. ಆದರೆ ಸಂಯುಕ್ತ ರಾಜ್ಯಪದ್ಧತಿಯಲ್ಲಿ, ನಾಣ್ಯದ ಮೇಲಾಗಲಿ ಮುಖ್ಯವಾದ ತೆರಿಗೆಗಳ ಮೇಲಾಗಲಿ ಪೂರ್ಣಾಧಿಕಾರವಿಲ್ಲದ ಒಂದು ಘಟಕ ರಾಜ್ಯವು ಇಂತಹ ಹೊರೆಯನ್ನು ಹೊರಬಲ್ಲುದೆ?

ಈ ಪ್ರಶ್ನೆಗೆ ಚರಿತ್ರೆಯಲ್ಲಿ ದೊರೆಯುವ ಅತ್ಯಂತ ಸ್ಪಷ್ಟವಾದ ಉತ್ತರ ಕೆನಡಾ ದೇಶದ ಸಸ್ಕಾಚೆವಾನ್ ಪ್ರಾಂತದ್ದು. ಅಲ್ಲಿನ ಕಥೆಯನ್ನು ಸಾಮಾನ್ಯವಾಗಿ ಪ್ರಧಾನಿ ಟಾಮಿ ಡಗ್ಲಸರ ಆದರ್ಶದ ಕಥೆಯಾಗಿ, ಇಲ್ಲವೆ 1962ರ ವೈದ್ಯರ ಮುಷ್ಕರದ ಕಥೆಯಾಗಿ ಹೇಳುವುದು ರೂಢಿ. ಅವೆರಡೂ ಮುಖ್ಯವೇ. ಆದರೆ ಈ ಯೋಜನೆ ನಿಂತುದಕ್ಕೆ ಆದರ್ಶವೊಂದೇ ಕಾರಣವಲ್ಲ. ಅದಕ್ಕೆ ಮೊದಲು ಸುಮಾರು ಐವತ್ತು ವರ್ಷಗಳ ಕಾಲ ಆ ಜನರು ರೋಗದ ಖರ್ಚನ್ನು ಒಟ್ಟಾಗಿ ಲೆಕ್ಕಹಾಕಿ ಒಟ್ಟಾಗಿ ತೆರುವ ಅಭ್ಯಾಸವನ್ನು ಮಾಡಿಕೊಂಡಿದ್ದರು. ಇದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

2. ಗ್ರಾಮೀಣ ಪೌರಸಭೆಗಳ ಪ್ರಯೋಗ

ಸಸ್ಕಾಚೆವಾನ್ ಪ್ರಾಂತವು ಸ್ಥಾಪಿತವಾದುದು 1905ರಲ್ಲಿ. ಅದು ಗೋಧಿಯ ಬಯಲು. ಜನವಸತಿ ವಿರಳ, ಒಂದು ಹೊಲಮನೆಗೂ ಮತ್ತೊಂದಕ್ಕೂ ಮೈಲಿಗಳ ಅಂತರ, ಚಳಿಗಾಲವೋ ಅತಿ ಕಠಿನ. ಇಂತಹ ಕಡೆ ವೈದ್ಯನು ತನ್ನ ವೃತ್ತಿಯಿಂದ ಜೀವನ ಸಾಗಿಸುವುದೇ ದುಸ್ತರವಾಗಿದ್ದಿತು. ಒಂದನೆಯ ಮಹಾಯುದ್ಧ ಆರಂಭವಾದ ಕಾಲದಲ್ಲಿ ಸಾರ್ನಿಯಾ ಎಂಬ ಗ್ರಾಮೀಣ ಪೌರಸಭೆಯ ವೈದ್ಯನು ಊರು ಬಿಟ್ಟುಹೋಗುವ ಸ್ಥಿತಿ ಒದಗಿದಾಗ, ಸಭೆಯು ತೆರಿಗೆಯ ಹಣದಿಂದ ಅವನಿಗೆ ವರ್ಷಕ್ಕೆ 1,500 ಡಾಲರುಗಳನ್ನು ಕೊಟ್ಟು ಉಳಿಸಿಕೊಂಡಿತು. ಆಗ ಇದಕ್ಕೆ ಶಾಸನದ ಆಧಾರವಿರಲಿಲ್ಲ. 1916ರಲ್ಲಿ ಪ್ರಾಂತದ ವಿಧಾನಸಭೆಯು ಕಾನೂನನ್ನು ತಿದ್ದಿ ಈ ಪದ್ಧತಿಗೆ ಮಾನ್ಯತೆಯನ್ನು ಕೊಟ್ಟಿತು. ಹಲವು ಪೌರಸಭೆಗಳು ಕೂಡಿ ಒಂದು ಆಸ್ಪತ್ರೆಯನ್ನು ಕಟ್ಟಿ ನಡೆಸುವುದಕ್ಕೂ ಅದೇ ವರ್ಷ ಅವಕಾಶವಾಯಿತು. 1929ರಲ್ಲಿ ಕ್ಷಯರೋಗದ ಚಿಕಿತ್ಸೆಯು ಪ್ರಾಂತದ ಎಲ್ಲರಿಗೂ ಉಚಿತವಾಯಿತು. ಕೆನಡಾದಲ್ಲಿ ಇದೇ ಮೊದಲು.

1930ರ ದಶಕದ ಆರ್ಥಿಕ ಕುಸಿತವೂ ಅನಾವೃಷ್ಟಿಯೂ ಒಟ್ಟಿಗೆ ಬಂದವು. 1932ರ ಕೊನೆಯಲ್ಲಿ ಗೋಧಿಯ ಬೆಲೆ ಬುಷೆಲ್ಲಿಗೆ 40 ಸೆಂಟಿಗೂ ಕೆಳಗೆ ಇಳಿಯಿತು. ರೈತನಲ್ಲಿ ವೈದ್ಯನಿಗೆ ಕೊಡಲು ಹಣವಿಲ್ಲ. ವೈದ್ಯನಿಗೆ ಬರಬೇಕಾದ ಬಾಕಿ ಪುಸ್ತಕದಲ್ಲಿಯೇ ಉಳಿಯಿತು. ಆದ್ದರಿಂದ ಸಾಮೂಹಿಕ ವಿಮೆಯು ರೋಗಿಗೆ ಎಷ್ಟು ಬೇಕಾಗಿದ್ದಿತೋ ವೈದ್ಯನಿಗೂ ಅಷ್ಟೇ ಬೇಕಾಗಿದ್ದಿತು. 1943ರಲ್ಲಿ ಕೆನಡಾದ ವೈದ್ಯಕೀಯ ಸಂಘವೇ ಆರೋಗ್ಯ ವಿಮೆಯ ತತ್ತ್ವವನ್ನು ಅನುಮೋದಿಸಿದುದು ಇಲ್ಲಿ ಸ್ಮರಣೀಯ. ಇದಕ್ಕೆ ಮೊದಲೇ, 1939ರಲ್ಲಿ, ಮೆಕಿಲಪ್ ಪೌರಸಭೆಯ ಅಧ್ಯಕ್ಷರಾಗಿದ್ದ ಮ್ಯಾಟ್ ಆಂಡರ್‌ಸನ್ ಎಂಬ ರೈತರ ಪ್ರಯತ್ನದಿಂದ, ತಲೆಗಿಷ್ಟೆಂದು ಕರವನ್ನು ವಸೂಲುಮಾಡಿ ಚಿಕಿತ್ಸೆಯನ್ನು ಒದಗಿಸಲು ಪೌರಸಭೆಗಳಿಗೆ ಅಧಿಕಾರ ಕೊಡುವ ಶಾಸನವೂ ಆಗಿದ್ದಿತು. 1940ರ ದಶಕದ ನಡುಭಾಗದ ವೇಳೆಗೆ ನೂರಕ್ಕೂ ಹೆಚ್ಚು ಗ್ರಾಮೀಣ ಪೌರಸಭೆಗಳು ವೈದ್ಯರನ್ನು ನೇಮಿಸಿಕೊಂಡಿದ್ದವು. ಹೀಗೆ, ರಾಜಧಾನಿಯಾದ ರೆಜೈನಾದಲ್ಲಿ ಯಾವ ಸಿದ್ಧಾಂತವಾದಿಯೂ ಅಧಿಕಾರಕ್ಕೆ ಬರುವುದಕ್ಕೆ ಮುಂಚೆಯೇ, ಊರಿನ ತೆರಿಗೆಯಿಂದ ಊರಿನ ವೈದ್ಯನನ್ನು ಸಾಕುವ ಪದ್ಧತಿ ನೆಲೆಯೂರಿದ್ದಿತು.

3. ಆಸ್ಪತ್ರೆ ವಿಮೆ ಮತ್ತು ಕಂತಿನ ಪ್ರಶ್ನೆ

1944ರ ಜೂನ್ ತಿಂಗಳ ಚುನಾವಣೆಯಲ್ಲಿ ಕೋ-ಆಪರೇಟಿವ್ ಕಾಮನ್‌ವೆಲ್ತ್ ಫೆಡರೇಷನ್ ಪಕ್ಷವು 47 ಸ್ಥಾನಗಳನ್ನು ಗೆದ್ದು ಅಧಿಕಾರಕ್ಕೆ ಬಂದಿತು. ಅದರ ನಾಯಕರಾದ ಡಗ್ಲಸರು ಬಾಪ್ಟಿಸ್ಟ್ ಪಾದ್ರಿಗಳಾಗಿದ್ದವರು. ಬಾಲ್ಯದಲ್ಲಿ ಅವರ ಕಾಲಿನ ಮೂಳೆಗೆ ರೋಗ ತಗುಲಿ, ಬಡತನದಿಂದಾಗಿ ಕಾಲನ್ನೇ ಕಳೆದುಕೊಳ್ಳುವ ಸ್ಥಿತಿ ಬಂದಿದ್ದಾಗ ಒಬ್ಬ ಶಸ್ತ್ರವೈದ್ಯರು ಶುಲ್ಕವಿಲ್ಲದೆ ಚಿಕಿತ್ಸೆಮಾಡಿ ಉಳಿಸಿದ್ದರು. ಆರೋಗ್ಯವು ದಾನಿಯ ಮರ್ಜಿಯನ್ನು ಅವಲಂಬಿಸಬಾರದೆಂಬ ಅವರ ನಿಲುವಿಗೆ ಈ ಅನುಭವವೇ ಮೂಲ. ಆರೋಗ್ಯ ಖಾತೆಯನ್ನು ಅವರು ತಮ್ಮ ಕೈಯಲ್ಲಿಯೇ ಇಟ್ಟುಕೊಂಡರು. ಅದೇ ವರ್ಷ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಹೆನ್ರಿ ಸಿಗರಿಸ್ಟರಿಂದ ಪ್ರಾಂತದ ಆರೋಗ್ಯ ಪರಿಸ್ಥಿತಿಯ ಸಮೀಕ್ಷೆಯನ್ನು ಮಾಡಿಸಿದರು.

ಇಷ್ಟಾದರೂ ಸರಕಾರವು ಒಮ್ಮೆಗೇ ಎಲ್ಲವನ್ನೂ ಆರಂಭಿಸಲಿಲ್ಲ. 1945ರಲ್ಲಿ ವೃದ್ಧಾಪ್ಯ ವೇತನ ಪಡೆಯುವವರೇ ಮೊದಲಾದ ನಿರ್ಗತಿಕರಿಗೆ ಮಾತ್ರ ಸೇವೆ ದೊರೆಯಿತು. 1946ರ ಜುಲೈ 1ರಂದು ಸ್ವಿಫ್ಟ್ ಕರೆಂಟ್ ಎಂಬ ಒಂದು ಪ್ರದೇಶದಲ್ಲಿ ಮಾತ್ರ, ಅಲ್ಲಿನ ಸುಮಾರು 50,000 ಜನರ ಒಪ್ಪಿಗೆಯನ್ನು ಮತದ ಮೂಲಕ ಪಡೆದು, ವೈದ್ಯ ಮತ್ತು ಆಸ್ಪತ್ರೆ ಸೇವೆಗಳೆರಡನ್ನೂ ಒಳಗೊಂಡ ಯೋಜನೆ ಮೊದಲಾಯಿತು. ಅದರ ಹಣದಲ್ಲಿ ಒಂದು ಭಾಗ ವ್ಯಕ್ತಿಗತ ಕರದಿಂದಲೂ ಒಂದು ಭಾಗ ಭೂಮಿಯ ಮೇಲಿನ ಕರದಿಂದಲೂ ಬರುತ್ತಿದ್ದಿತು. ಪ್ರಾಂತವ್ಯಾಪಿಯಾದ ಯೋಜನೆಯ ವೆಚ್ಚವೆಷ್ಟೆಂಬುದನ್ನು ಊಹೆಯಿಂದಲ್ಲದೆ ಅನುಭವದಿಂದ ಅರಿಯಲು ಈ ಪ್ರದೇಶವೇ ಸಾಧನವಾಯಿತು.

1947ರ ಜನವರಿ 1ರಿಂದ ಇಡೀ ಪ್ರಾಂತಕ್ಕೆ ಆಸ್ಪತ್ರೆ ವಿಮೆ ಜಾರಿಗೆ ಬಂದಿತು. ವಿಮಾ ಕಂತು ವರ್ಷಕ್ಕೆ ತಲೆಗೆ 5 ಡಾಲರು. ಕುಟುಂಬಕ್ಕೆ 30 ಡಾಲರಿಗೆ ಮೀರದಂತೆ ಮಿತಿ. ಇಲ್ಲಿ ವಿಮೆಯ ಮೂಲ ಸಮಸ್ಯೆಯೊಂದು ಎದುರಾಗುತ್ತದೆ. ಇಚ್ಛಾಪೂರ್ವಕ ವಿಮೆಗೆ ರೋಗಭಯವುಳ್ಳವರೇ ಮುಂದಾಗಿ ಸೇರುತ್ತಾರೆ, ಆಗ ಖರ್ಚು ಏರುತ್ತದೆ, ಕಂತೂ ಏರುತ್ತದೆ, ಆರೋಗ್ಯವಂತರು ಬಿಟ್ಟುಹೋಗುತ್ತಾರೆ, ಉಳಿದವರ ಕಂತು ಮತ್ತಷ್ಟು ಏರುತ್ತದೆ. ಎಲ್ಲರನ್ನೂ ಕಡ್ಡಾಯವಾಗಿ ಸೇರಿಸಿದುದರಿಂದ ಸಸ್ಕಾಚೆವಾನ್ ಈ ವಿಷವರ್ತುಲದಿಂದ ಪಾರಾಯಿತು. ಆದರೆ ಸಮಾನವಾದ ಕಂತು ಸಮಾನವಾದ ಹೊರೆಯಲ್ಲ. ಬಡ ರೈತನ 30 ಡಾಲರು ಬೇರೆ, ಶ್ರೀಮಂತ ವರ್ತಕನ 30 ಡಾಲರು ಬೇರೆ. ಆಸ್ಪತ್ರೆಗಳ ಬಳಕೆ ಹೆಚ್ಚಿ ಕಂತನ್ನು ಏರಿಸಬೇಕಾಗಿ ಬಂದಾಗ ಈ ಅಸಮತೆ ಮತ್ತಷ್ಟು ಸ್ಪಷ್ಟವಾಯಿತು. ಆದ್ದರಿಂದಲೇ ವೆಚ್ಚದ ಬಹುಭಾಗವನ್ನು ಸಾಮಾನ್ಯ ತೆರಿಗೆಗಳಿಂದ ತುಂಬುವ ಪರಿಪಾಠ ಬೆಳೆಯಿತು. ಕಂತು ಉಳಿದುದು ಮುಖ್ಯವಾಗಿ ‘ಇದು ನಾವು ತೆತ್ತು ಪಡೆದ ಹಕ್ಕು’ ಎಂಬ ಭಾವನೆಗಾಗಿ.

4. 1962ರ ಸಂಘರ್ಷ

ಆಸ್ಪತ್ರೆ ವಿಮೆಯ ನಂತರ ವೈದ್ಯಸೇವೆಯ ವಿಮೆಗೆ ಹದಿನೈದು ವರ್ಷಗಳು ಬೇಕಾದುವು. ವಿಳಂಬಕ್ಕೆ ಕಾರಣ ಹಣ. 1957ರಲ್ಲಿ ಕೇಂದ್ರ ಸಂಸತ್ತು ಆಸ್ಪತ್ರೆ ವಿಮೆಯ ಶಾಸನವನ್ನು ಅಂಗೀಕರಿಸಿ, ಪ್ರಾಂತಗಳ ಆಸ್ಪತ್ರೆ ವೆಚ್ಚದಲ್ಲಿ ಸುಮಾರು ಅರ್ಧವನ್ನು ಭರಿಸಲು ಒಪ್ಪಿತು. 1958ರ ಜುಲೈಯಲ್ಲಿ ಈ ನೆರವು ಆರಂಭವಾಯಿತು. ಅಲ್ಲಿಯವರೆಗೆ ತಾನೊಬ್ಬನೇ ಹೊತ್ತಿದ್ದ ಹೊರೆ ಅರ್ಧವಾದೊಡನೆ ಪ್ರಾಂತವು ಮುಂದಿನ ಹೆಜ್ಜೆಯನ್ನಿಟ್ಟಿತು. 1959ರ ಡಿಸೆಂಬರಿನಲ್ಲಿ ಡಗ್ಲಸರು ಆಕಾಶವಾಣಿಯ ಮೂಲಕ ಐದು ತತ್ತ್ವಗಳನ್ನು ಸಾರಿದರು: ಮುಂಗಡ ಪಾವತಿ, ಸಾರ್ವತ್ರಿಕತೆ, ಸೇವೆಯ ಉತ್ತಮ ಗುಣ, ವಿಧಾನಸಭೆಗೆ ಹೊಣೆಯಾದ ಸಾರ್ವಜನಿಕ ಆಡಳಿತ, ವೈದ್ಯರಿಗೂ ರೋಗಿಗಳಿಗೂ ಒಪ್ಪಿಗೆಯಾಗುವ ರೂಪ.

ಈ ಐದನೆಯ ತತ್ತ್ವವೇ ಕಠಿನವಾಯಿತು. 1930ರ ದಶಕದಲ್ಲಿ ವಿಮೆಯನ್ನು ಬಯಸಿದ್ದ ವೈದ್ಯರು 1960ರ ವೇಳೆಗೆ ಅದರ ವಿರೋಧಿಗಳಾಗಿದ್ದರು. ದೇಶದಲ್ಲಿ ಸಂಪತ್ತು ಬೆಳೆದಿದ್ದಿತು. ವೈದ್ಯರ ಬೆಂಬಲದಿಂದಲೇ ನಡೆಯುವ ಖಾಸಗಿ ವಿಮಾ ಸಂಸ್ಥೆಗಳು ಅವರ ಶುಲ್ಕವನ್ನು ಖಚಿತವಾಗಿ ಸಲ್ಲಿಸುತ್ತಿದ್ದವು. ತೆರಲಾರದವರಿಗೆ ಮಾತ್ರ ಸರಕಾರ ಸಹಾಯಮಾಡಲಿ, ಉಳಿದವರು ತಮ್ಮ ವಿಮೆಯನ್ನು ತಾವೇ ಆರಿಸಿಕೊಳ್ಳಲಿ ಎಂಬುದು ಅವರ ವಾದ. ಸರಕಾರವೇ ಏಕೈಕ ಪಾವತಿದಾರನಾದರೆ ವೃತ್ತಿಯ ಸ್ವಾತಂತ್ರ್ಯಕ್ಕೆ ಕುಂದು ಬಂದೀತೆಂಬ ಅವರ ಭಯವನ್ನು ಕೇವಲ ಸ್ವಾರ್ಥವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಬ್ರಿಟನ್ನಿನ ರಾಷ್ಟ್ರೀಯ ಸೇವೆಯನ್ನು ತೊರೆದು ಬಂದಿದ್ದ ವೈದ್ಯರೂ ಅವರಲ್ಲಿ ಇದ್ದರು.

1960ರ ಚುನಾವಣೆಯಲ್ಲಿ ಇದೇ ಮುಖ್ಯ ವಿಷಯವಾಗಿ, ಪಕ್ಷವು ಮತ್ತೆ ಗೆದ್ದಿತು. 1961ರ ನವೆಂಬರಿನಲ್ಲಿ ಶಾಸನವಾಯಿತು. ಡಗ್ಲಸರು ರಾಷ್ಟ್ರ ರಾಜಕಾರಣಕ್ಕೆ ತೆರಳಿದುದರಿಂದ, ಹಿಂದೆ ಶಿಕ್ಷಕರಾಗಿದ್ದ ವುಡ್ರೋ ಲಾಯ್ಡ್ ಪ್ರಧಾನಿಗಳಾದರು. ಕಂತು ಒಬ್ಬರಿಗೆ 12 ಡಾಲರು, ಕುಟುಂಬಕ್ಕೆ 24 ಡಾಲರು. ಉಳಿದ ವೆಚ್ಚಕ್ಕೆ ಮಾರಾಟ ತೆರಿಗೆ ಮತ್ತು ಆದಾಯ ತೆರಿಗೆಗಳ ಏರಿಕೆ. ಯಾವ ತೆರಿಗೆ ಏರುವುದೆಂಬುದನ್ನು ಯೋಜನೆ ಆರಂಭವಾಗುವ ಮುನ್ನವೇ ಪ್ರಜೆಗಳಿಗೆ ತಿಳಿಸಲಾಗಿದ್ದಿತೆಂಬುದು ಗಮನಾರ್ಹ.

1962ರ ಜುಲೈ 1ರಂದು ಯೋಜನೆ ಜಾರಿಗೆ ಬಂದ ದಿನವೇ ಪ್ರಾಂತದ ಬಹುಪಾಲು ವೈದ್ಯರು ತಮ್ಮ ಚಿಕಿತ್ಸಾಲಯಗಳನ್ನು ಮುಚ್ಚಿದರು. ಆಯ್ದ ಆಸ್ಪತ್ರೆಗಳಲ್ಲಿ ತುರ್ತು ಸೇವೆ ಮಾತ್ರ ನಡೆಯಿತು. ಸರಕಾರವು ಬ್ರಿಟನ್ನಿನಿಂದ ವೈದ್ಯರನ್ನು ಕರೆಸಿತು. ಸಸ್ಕಟೂನ್, ಪ್ರಿನ್ಸ್ ಆಲ್ಬರ್ಟ್ ಮೊದಲಾದ ಕಡೆ ಜನರೇ ಸಹಕಾರ ತತ್ತ್ವದ ಮೇಲೆ ಚಿಕಿತ್ಸಾಲಯಗಳನ್ನು ತೆರೆದರು. ಜುಲೈ 11ರಂದು ರೆಜೈನಾದಲ್ಲಿ ವೈದ್ಯರ ಪರವಾಗಿ ಏರ್ಪಟ್ಟ ಸಭೆಗೆ ಹತ್ತಾರು ಸಾವಿರ ಜನರ ನಿರೀಕ್ಷೆಯಿದ್ದರೂ ಬಂದವರು ಕೆಲವೇ ಸಾವಿರ. ಕೊನೆಗೆ ಬ್ರಿಟನ್ನಿನ ಲಾರ್ಡ್ ಟೇಲರರ ಮಧ್ಯಸ್ಥಿಕೆಯಿಂದ ಜುಲೈ 23ರಂದು ಸಸ್ಕಟೂನ್ ಒಪ್ಪಂದವಾಯಿತು. ವೈದ್ಯರು ಸಂಬಳದ ನೌಕರರಾಗಲಿಲ್ಲ. ಸೇವೆಗೆ ತಕ್ಕ ಶುಲ್ಕದ ಪದ್ಧತಿಯೇ ಉಳಿಯಿತು. ಹಳೆಯ ವಿಮಾ ಸಂಸ್ಥೆಗಳು ಬಿಲ್ಲುಗಳನ್ನು ರವಾನಿಸುವ ಮಧ್ಯವರ್ತಿಗಳಾಗಿ ಮುಂದುವರಿದವು. ಸರಕಾರವು ಸಾರ್ವತ್ರಿಕತೆಯನ್ನು ಬಿಡಲಿಲ್ಲ. ವೈದ್ಯರು ಶುಲ್ಕಪದ್ಧತಿಯನ್ನು ಬಿಡಲಿಲ್ಲ. ಮುಂದಿನ ವರ್ಷಗಳಲ್ಲಿ ವೈದ್ಯರ ಆದಾಯವು ಇಳಿಯುವುದಕ್ಕೆ ಬದಲಾಗಿ ಏರಿತು; ಬಿಲ್ಲಿನ ಹಣ ಬಾಕಿ ಉಳಿಯದಿದ್ದುದೇ ಇದಕ್ಕೆ ಒಂದು ಮುಖ್ಯ ಕಾರಣ. ಆದರೆ ವೆಚ್ಚವನ್ನು ಹತೋಟಿಯಲ್ಲಿಡುವ ಒಂದು ಉಪಾಯವನ್ನೂ ಈ ರಾಜಿಯು ಸರಕಾರದ ಕೈಯಿಂದ ತಪ್ಪಿಸಿತೆಂಬುದನ್ನು ಮರೆಯಲಾಗದು.

5. ಶುಲ್ಕದ ಪ್ರಯೋಗ ಮತ್ತು ಅದರ ಫಲ

1964ರಲ್ಲಿ ಆಳುವ ಪಕ್ಷ ಸೋತಿತು. ಆದರೆ ಗೆದ್ದ ಲಿಬರಲ್ ಪಕ್ಷ ಯೋಜನೆಯನ್ನು ರದ್ದುಮಾಡಲಿಲ್ಲ. ವೆಚ್ಚ ಏರುತ್ತಿರುವುದನ್ನು ಕಂಡ ಪ್ರಧಾನಿ ರಾಸ್ ಥ್ಯಾಚರ್ 1968ರಲ್ಲಿ ಪ್ರತಿ ಭೇಟಿಗೂ ರೋಗಿಯಿಂದ ಸಣ್ಣ ಶುಲ್ಕವನ್ನು ವಸೂಲುಮಾಡುವ ನಿಯಮವನ್ನು ತಂದರು. ವೈದ್ಯರಲ್ಲಿಗೆ ಹೋದರೆ ಒಂದೂವರೆ ಡಾಲರು. ಅನಾವಶ್ಯಕವಾದ ಬಳಕೆ ತಗ್ಗಲೆಂಬುದು ಇದರ ಉದ್ದೇಶ. 1971ರಲ್ಲಿ ಸರಕಾರ ಬದಲಾದಾಗ ಇದು ರದ್ದಾಯಿತು. ಆ ಅವಧಿಯ ದಾಖಲೆಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ಬೆಕ್, 1974ರಲ್ಲಿ ಪ್ರಕಟಿಸಿದ ಫಲಿತಾಂಶ ಇಂದಿಗೂ ಬೆಲೆಯುಳ್ಳದ್ದು. ಒಟ್ಟು ಜನರಲ್ಲಿ ವೈದ್ಯಸೇವೆಯ ಬಳಕೆ ಶೇಕಡಾ 6ರಿಂದ 7ರಷ್ಟು ತಗ್ಗಿದರೆ, ಬಡವರಲ್ಲಿ ಅದು ಶೇಕಡಾ 18ರಷ್ಟು ತಗ್ಗಿದ್ದಿತು. ಒಂದೂವರೆ ಡಾಲರು ಅನಾವಶ್ಯಕ ಭೇಟಿಯನ್ನು ಗುರುತಿಸಿ ತಡೆಯಲಿಲ್ಲ. ಬಡ ರೋಗಿಯನ್ನು ಗುರುತಿಸಿ ತಡೆಯಿತು. 1974ರಲ್ಲಿ ಪ್ರಾಂತವು ವಿಮಾ ಕಂತನ್ನೂ ತೆಗೆದುಹಾಕಿತು.

ಈ ನಡುವೆ ನ್ಯಾಯಮೂರ್ತಿ ಎಮೆಟ್ ಹಾಲ್ ಅವರ ಆಯೋಗವು 1964ರಲ್ಲಿ ಇಡೀ ದೇಶಕ್ಕೆ ಇಂತಹ ವಿಮೆಯನ್ನು ಶಿಫಾರಸುಮಾಡಿದ್ದಿತು. 1966ರ ಕೇಂದ್ರ ಶಾಸನವು 1968ರಲ್ಲಿ ಜಾರಿಗೆ ಬಂದು, ಕೆಲವೇ ವರ್ಷಗಳಲ್ಲಿ ಎಲ್ಲ ಪ್ರಾಂತಗಳೂ ಅದರಡಿಗೆ ಬಂದವು. ಆಸ್ಪತ್ರೆಯ ಹೊರಗೆ ಕೊಳ್ಳುವ ಔಷಧಿಗಳು ಅದರ ಹೊರಗೇ ಉಳಿದವು.

6. ವರ್ಮಾಂಟ್: ಒಂದು ಹೋಲಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದ ವರ್ಮಾಂಟ್ ರಾಜ್ಯವು ಸಸ್ಕಾಚೆವಾನಿಗಿಂತಲೂ ಕಡಮೆ ಜನಸಂಖ್ಯೆಯುಳ್ಳದ್ದು. 2011ರಲ್ಲಿ ಗವರ್ನರ್ ಪೀಟರ್ ಶಮ್ಲಿನ್ ಅಲ್ಲಿ ಸಾರ್ವತ್ರಿಕ ಆರೋಗ್ಯ ಸೇವೆಯ ಶಾಸನಕ್ಕೆ ಸಹಿಹಾಕಿದರು. ಸೇವೆ 2017ರಲ್ಲಿ ಆರಂಭವಾಗಬೇಕಾಗಿದ್ದಿತು. ಆದರೆ ಹಣ ಎಲ್ಲಿಂದ ಬರಬೇಕೆಂಬುದನ್ನು ಶಾಸನವು ನಿರ್ಧರಿಸದೆ ಮುಂದಕ್ಕೆ ಬಿಟ್ಟಿದ್ದಿತು. ಲೆಕ್ಕ ಹೊರಬಿದ್ದಾಗ, ಉದ್ಯಮಗಳ ಮೇಲೆ ವೇತನದ ಶೇಕಡಾ 11.5ರಷ್ಟು ತೆರಿಗೆಯೂ ವ್ಯಕ್ತಿಗಳ ಮೇಲೆ ಶೇಕಡಾ 9.5ರವರೆಗಿನ ಆದಾಯ ತೆರಿಗೆಯೂ ಬೇಕೆಂದು ಕಂಡಿತು. 2014ರ ಡಿಸೆಂಬರಿನಲ್ಲಿ ಗವರ್ನರರೇ ಯೋಜನೆಯನ್ನು ಕೈಬಿಟ್ಟರು.

ಈ ತೆರಿಗೆಯ ದೊಡ್ಡ ಭಾಗ ಹೊಸ ಹೊರೆಯೇನೂ ಆಗಿರಲಿಲ್ಲ. ಅದುವರೆಗೆ ಖಾಸಗಿ ವಿಮೆಯ ಕಂತಾಗಿ ಸಲ್ಲುತ್ತಿದ್ದ ಹಣವೇ ತೆರಿಗೆಯ ರೂಪವನ್ನು ತಾಳುತ್ತಿದ್ದಿತು. ಆದರೆ ಅಮೆರಿಕದಲ್ಲಿ ಈ ಕಂತಿನ ಹೆಚ್ಚು ಭಾಗವನ್ನು ಉದ್ಯೋಗದಾತನೇ ಕಟ್ಟುವುದರಿಂದ ಅದು ಕಾರ್ಮಿಕನ ಕಣ್ಣಿಗೆ ಬೀಳುವುದಿಲ್ಲ. ಕಾಣದ ಕಂತಿಗೆ ಪ್ರತಿಯಾಗಿ ಕಾಣುವ ತೆರಿಗೆಯನ್ನು ಜನರು ಒಪ್ಪುವುದು ಸುಲಭವಲ್ಲ. 1947ರ ಸಸ್ಕಾಚೆವಾನಿನ ರೈತನಾದರೋ ದಶಕಗಳಿಂದ ಪೌರಸಭೆಯ ರಸೀದಿಯಲ್ಲಿ ವೈದ್ಯನ ಕರವನ್ನು ಕಣ್ಣಾರೆ ಕಂಡಿದ್ದನು. ಚಿಕಿತ್ಸೆಯ ವೆಚ್ಚವೂ ಅಂದು ಇಂದಿನಷ್ಟು ಬೆಳೆದಿರಲಿಲ್ಲವೆಂಬುದನ್ನು ಇದಕ್ಕೆ ಸೇರಿಸಬೇಕು.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಒಂದನೆಯದು, ಘಟಕ ರಾಜ್ಯವು ಸಾರ್ವತ್ರಿಕ ವಿಮೆಯನ್ನು ಆರಂಭಿಸಬಲ್ಲುದು. ಆದರೆ ಕೇಂದ್ರದ ನೆರವಿಲ್ಲದೆ ಅದನ್ನು ಪೂರ್ಣಗೊಳಿಸುವುದು ಬಹು ಕಷ್ಟ. ಎರಡನೆಯದು, ಕಂತು ಚಿಕ್ಕದಾದರೂ ಎಲ್ಲರಿಗೂ ಸಮಾನವಾದುದರಿಂದ ನ್ಯಾಯವಾಗಲಾರದು. ನ್ಯಾಯವು ತೆರಿಗೆಯ ಮೂಲಕ ಬರಬೇಕು. ಮೂರನೆಯದು, ವೆಚ್ಚವನ್ನು ಮರೆಮಾಚಿ ತಂದ ಯೋಜನೆಗಿಂತ ವೆಚ್ಚವನ್ನು ಮುಂದಿಟ್ಟು ತಂದ ಯೋಜನೆ ಹೆಚ್ಚು ಕಾಲ ಬಾಳುತ್ತದೆ.

ಸಾರ್ವಜನಿಕ ಆರೋಗ್ಯವೂ ಆಸ್ಪತ್ರೆಗಳೂ ನಮ್ಮ ಸಂವಿಧಾನದಲ್ಲಿಯೂ ರಾಜ್ಯಪಟ್ಟಿಗೆ ಸೇರಿದ ವಿಷಯಗಳು. 2003ರಲ್ಲಿ ಕರ್ನಾಟಕದ ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ ಆರಂಭವಾದ ಯಶಸ್ವಿನಿ ಯೋಜನೆಯಲ್ಲಿ ಸದಸ್ಯನ ಕಂತು ವರ್ಷಕ್ಕೆ 60 ರೂಪಾಯಿಯಾಗಿದ್ದಿತು. ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ ಸೀಮಿತವಾಗಿದ್ದು, ಸೇರುವುದು ಬಿಡುವುದು ಸದಸ್ಯನ ಇಚ್ಛೆಗೆ ಬಿಟ್ಟಿದ್ದುದರಿಂದ ಸಸ್ಕಾಚೆವಾನಿನ ಕಡ್ಡಾಯ ವಿಮೆಗೆ ಅದನ್ನು ಸರಿಹೋಲಿಸಲಾಗದು. ಆದರೂ ರೈತರ ಸಹಕಾರ ಸಂಘಟನೆಯೇ ಆರೋಗ್ಯ ವಿಮೆಗೆ ತಳಹದಿಯಾಗಬಲ್ಲುದೆಂಬ ವಿಷಯದಲ್ಲಿ ಗೋಧಿಯ ಬಯಲಿನ ಅನುಭವಕ್ಕೂ ನಮ್ಮ ಅನುಭವಕ್ಕೂ ಸಂಬಂಧವುಂಟು. ನಮ್ಮ ಹಳ್ಳಿಯ ಸಹಕಾರ ಸಂಘಗಳ ಕಡತಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವ ಕಾರ್ಯಕ್ಕೆ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಮುಂದಾದರೆ, ಒಂದು ಸಾವಿರ ಮನೆಗಳ ಊರು ತನ್ನ ರೋಗಿಗಳಿಗಾಗಿ ಎಷ್ಟು ತೆರಬಲ್ಲುದೆಂಬ ಪ್ರಶ್ನೆಗೆ ನಮ್ಮ ನೆಲದ ಉತ್ತರವೂ ದೊರೆತೀತು.